ಹಸಿರು, ಕೆಂಪು, ಕಪ್ಪು: ಕೀಡೆ ಮಾತ್ರ ಒಂದೇ

ಸೀಗಿ ಹುಣ್ಣಿಮೆ ದಾಟಿ ತೊಗರಿ ಹೂವು ಬಿಟ್ಟಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಔಷಧದ ಅಂಗಡಿಗಳಲ್ಲಿ ಒಂದು ವಿಚಿತ್ರ ಪ್ರದರ್ಶನ ಶುರುವಾಗುತ್ತದೆ. ಒಬ್ಬರು ಕಡ್ಡಿಪೆಟ್ಟಿಗೆಯಲ್ಲಿ, ಒಬ್ಬರು ಪ್ಲಾಸ್ಟಿಕ್ ಚೀಲದಲ್ಲಿ, ಇನ್ನೊಬ್ಬರು ಟವೆಲ್ಲಿನ ಚುಂಗಿನಲ್ಲಿ ಕಟ್ಟಿಕೊಂಡು ಬಂದ ಹುಳವನ್ನು ಗಲ್ಲೆಯ ಮುಂದೆ ಬಿಚ್ಚುತ್ತಾರೆ. ‘ಹೋದ ವಾರ ಹಸರ ಕೀಡಿಗಿ ಎಣ್ಣಿ ಹೊಡದೇವ್ರಿ. ಈಗ ಕೆಂಪ ಕೀಡಿ ಬಂದೈತಿ. ಇದಕ್ಕ ಬ್ಯಾರೆ ಕೊಡ್ರಿ’ ಎನ್ನುವ ಮಾತು ಕೇಳುತ್ತದೆ. ಪಕ್ಕದಲ್ಲಿ ನಿಂತವರದು ಕರಿ ಕೀಡಿ. ಅವರಿಗೆ ಮೂರನೆಯ ಬಾಟಲಿ ಬೇಕು.

ಬಣ್ಣಕ್ಕೊಂದು ಬಾಟಲಿ ಎನ್ನುವ ಈ ಲೆಕ್ಕ ಅಂಗಡಿಗೇನೂ ಬೇಡವಾದದ್ದಲ್ಲ. ಆದರೆ ಆ ಮೂರೂ ಹುಳಗಳು ಒಂದೇ ಜಾತಿಯವು. ಒಂದೇ ತಾಯಿ ಒಂದೇ ರಾತ್ರಿ ಇಟ್ಟ ಮೊಟ್ಟೆಗಳಿಂದ ಹೊರಬಂದ ಒಡಹುಟ್ಟಿದವುಗಳಾಗಿದ್ದರೂ ಆಶ್ಚರ್ಯವಿಲ್ಲ. ಕೃಷಿ ಇಲಾಖೆಯ ಕರಪತ್ರಗಳಲ್ಲಿ ಇದು ಕಾಯಿಕೊರಕ, ವಿಜ್ಞಾನದ ಪುಸ್ತಕಗಳಲ್ಲಿ ಹೆಲಿಕೋವರ್ಪಾ ಆರ್ಮಿಜೆರಾ ಎಂಬ ಪತಂಗ. ತೊಗರಿ ನಂಬಿ ಬದುಕುವ ಈ ಭಾಗದಲ್ಲಿ ಇದರಷ್ಟು ನಿದ್ದೆಗೆಡಿಸುವ ಜೀವಿ ಇನ್ನೊಂದಿಲ್ಲ. ಆದರೂ ಅದರ ಮುಖಪರಿಚಯ ನಮಗೆ ಅರೆಬರೆಯೇ. ಕೀಡೆಯನ್ನು ಬಲ್ಲವರು ಪತಂಗವನ್ನು ಗುರುತಿಸುವುದಿಲ್ಲ. ಪತಂಗವನ್ನು ಬಲೆಯಲ್ಲಿ ನೋಡಿದವರೂ ಅದರ ಗಂಡನ್ನಷ್ಟೇ ನೋಡಿರುತ್ತಾರೆ.

ಇದರ ಬಣ್ಣದಾಟ ನೋಡಬೇಕೆಂದರೆ ತೊಗರಿ ಗಿಡ ಝಾಡಿಸುವಾಗ ಹೋಗಬೇಕು. ಸಾಲಿನ ನಡುವೆ ಪ್ಲಾಸ್ಟಿಕ್ ಹಾಳೆ ಹಾಸಿ, ಗಿಡವನ್ನು ಬಗ್ಗಿಸಿ ಮೆಲ್ಲಗೆ ಅಲುಗಿಸಿದರೆ ಕೀಡೆಗಳು ಟಪಟಪನೆ ಉದುರುತ್ತವೆ. ಹಾಳೆಯ ಮೇಲೆ ಬಿದ್ದವುಗಳಲ್ಲಿ ಎಳೆ ಎಲೆಯ ಹಸಿರಿನದೊಂದು, ತೊಗರಿ ಹೂವಿನ ಹಳದಿಯದೊಂದು, ಒಣಗಿದ ಕಾಯಿಯ ಕಂದು ಬಣ್ಣದ್ದೊಂದು. ನಡುನಡುವೆ ಗುಲಾಬಿ ಛಾಯೆಯವು, ಇಟ್ಟಿಗೆ ಕೆಂಪಿನವು, ಮೈತುಂಬ ಕಪ್ಪು ಗೀರುಗಳಿರುವವು. ಹತ್ತು ಕೀಡೆ ಉದುರಿದರೆ ಒಂದರಂತೆ ಇನ್ನೊಂದಿಲ್ಲ. ಇದನ್ನು ನೋಡಿದವರಿಗೆ ನಾಲ್ಕೈದು ಜಾತಿಯ ಹುಳ ಒಟ್ಟಿಗೆ ದಾಳಿಯಿಟ್ಟಿವೆ ಅನಿಸಿದರೆ ತಪ್ಪು ಅವರದಲ್ಲ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಬಣ್ಣ ಬಿಟ್ಟು ಉಳಿದದ್ದನ್ನು ನೋಡಬೇಕು. ಮೈಯ ಎರಡೂ ಬದಿಗೆ ತಲೆಯಿಂದ ಬಾಲದವರೆಗೆ ಹರಿದ ತಿಳಿ ಬಣ್ಣದ ಪಟ್ಟಿ. ಬೆನ್ನ ಮೇಲೆ ಉದ್ದಕ್ಕೆ ಎಳೆದ ಸಣ್ಣ ಗಾಢ ಗೆರೆಗಳು. ಅಲ್ಲಲ್ಲಿ ಚಿಕ್ಕ ಗುಬುಟು, ಅದರ ಮೇಲೊಂದು ಬಿರುಸು ಕೂದಲು. ಭೂತಗನ್ನಡಿ ಹಿಡಿದರೆ ಚರ್ಮದ ತುಂಬ ಮರಳಿನ ಕಾಗದದಂಥ ಸಣ್ಣ ಮುಳ್ಳುಮುಳ್ಳು. ಪೂರ್ತಿ ಬೆಳೆದಾಗ ಉದ್ದ 35ರಿಂದ 40 ಮಿಲಿಮೀಟರ್. ಇದಕ್ಕಿಂತ ಒಳ್ಳೆಯ ಗುರುತು ಅದು ಉಣ್ಣುವ ಭಂಗಿ: ಕಾಯಿಗೆ ದುಂಡಗೆ ತೂತು ಕೊರೆದು, ತಲೆ ಮತ್ತು ಅರ್ಧ ಮೈ ಒಳಗಿಟ್ಟು, ಉಳಿದರ್ಧವನ್ನು ಹೊರಗೇ ಬಿಟ್ಟುಕೊಂಡು ಕಾಳು ತಿನ್ನುತ್ತದೆ. ಯಾವ ಬಣ್ಣದ ಕೀಡೆಯಾದರೂ ಊಟದ ರೀತಿ ಇದೇ.

ಕಥೆ ಶುರುವಾಗುವುದು ರಾತ್ರಿ. ಹಗಲೆಲ್ಲ ಎಲೆಯಡಿಯಲ್ಲಿ, ಕಸದ ಸಂದಿಯಲ್ಲಿ, ಎರಿ ಭೂಮಿಯ ಬಿರುಕಿನಲ್ಲಿ ಅಡಗಿದ್ದ ಪತಂಗ ಕತ್ತಲಾದ ಮೇಲೆ ಹೂವಿನ ಮಕರಂದ ಹೀರಲು ಏಳುತ್ತದೆ. ಹೆಣ್ಣು ಮೊಗ್ಗು, ಹೂವು, ಎಳೆ ಕಾಯಿಗಳ ಮೇಲೆ ಒಂದೊಂದೇ ಮೊಟ್ಟೆಯನ್ನು ಬಿಡಿಬಿಡಿಯಾಗಿ ಇಡುತ್ತದೆ. ತನ್ನ ಆಯುಷ್ಯದಲ್ಲಿ ಸಾವಿರದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಒಂದೇ ಕಡೆ ರಾಶಿ ಹಾಕದಿರುವುದಕ್ಕೆ ಕಾರಣವಿದೆ. ಈ ಕೀಡೆಗಳು ಒಂದನ್ನೊಂದು ತಿನ್ನುತ್ತವೆ. ದೊಡ್ಡದರ ಬಾಯಿಗೆ ಚಿಕ್ಕದು ಸಿಕ್ಕರೆ ಉಳಿಗಾಲವಿಲ್ಲ. ಹೀಗಾಗಿಯೇ ಒಂದು ಕಾಯಿಯಲ್ಲಿ ಸಾಮಾನ್ಯವಾಗಿ ಒಂದೇ ದೊಡ್ಡ ಕೀಡೆ ಕಾಣುವುದು.

ಮೊಟ್ಟೆ ಗಸಗಸೆ ಕಾಳಿಗಿಂತಲೂ ಚಿಕ್ಕದು, ಅರ್ಧ ಮಿಲಿಮೀಟರಿನಷ್ಟು. ಇಟ್ಟ ಹೊಸತರಲ್ಲಿ ಹಳದಿ ಮಿಶ್ರಿತ ಬಿಳಿ, ಒಡೆಯುವ ಹೊತ್ತಿಗೆ ಕಂದು. ಬೆಚ್ಚಗಿನ ದಿನಗಳಲ್ಲಿ ಮೂರ್ನಾಲ್ಕು ದಿನಕ್ಕೆ ಮರಿ ಹೊರಬರುತ್ತದೆ. ಮೈ ಮಾಸಲು ಬಿಳಿ, ತಲೆ ಕಪ್ಪು. ಮೊದಲ ದಿನಗಳಲ್ಲಿ ಎಲ್ಲ ಮರಿಗಳೂ ಹೆಚ್ಚುಕಡಿಮೆ ಒಂದೇ ಥರ. ಸಾಮಾನ್ಯವಾಗಿ ಐದು ಸಲ ಪೊರೆ ಕಳಚಿ ಆರು ಹಂತ ದಾಟುವ ಹಾದಿಯಲ್ಲಿ, ನಡುವಿನ ಹಂತದಿಂದಾಚೆಗೆ ಬಣ್ಣಗಳು ಕವಲೊಡೆಯುತ್ತವೆ. ನಿನ್ನೆ ಕಂದಾಗಿದ್ದ ಕೀಡೆ ಪೊರೆ ಬಿಟ್ಟ ಮೇಲೆ ಹಸಿರಾಗಿ ಕಾಣಿಸಬಹುದು. ಎಣ್ಣೆ ಹೊಡೆದ ವಾರದ ನಂತರ ‘ಹೊಸ ಬಣ್ಣದ ಹುಳ’ ಬಂತು ಎನ್ನುವಾಗ ಎಷ್ಟೋ ಸಲ ಆಗಿರುವುದು ಇಷ್ಟೇ: ಉಳಿದುಕೊಂಡ ಹಳೆಯ ಹುಳ ಬೆಳೆದಿದೆ, ಬೆಳೆಯುತ್ತ ಬಣ್ಣ ಬದಲಿಸಿದೆ.

ಕೀಡೆಯ ಹಸಿರು ಎಲೆಯ ಹಸಿರಲ್ಲ. ತಿಂದ ಎಲೆಯ ಪತ್ರಹರಿತ್ತು ಹಾಗೆಯೇ ಮೈಗೆ ಇಳಿದಿದೆ ಎಂದುಕೊಳ್ಳುವುದು ಸಹಜ, ಆದರೆ ನಡೆಯುವುದು ಅದಲ್ಲ. ಬಹುತೇಕ ಹಸಿರು ಕಂಬಳಿಹುಳಗಳ ಮೈಯಲ್ಲಿ ಎರಡು ವರ್ಣದ್ರವ್ಯಗಳು ಕೂಡಿ ಹಸಿರಾಗುತ್ತವೆ. ಒಂದು, ಹುಳ ತಾನೇ ತಯಾರಿಸಿಕೊಳ್ಳುವ ನೀಲಿ. ಇನ್ನೊಂದು, ಗಿಡದಿಂದ ಬರುವ ಹಳದಿ ಕೆರೋಟಿನಾಯ್ಡ್, ಗಜ್ಜರಿಗೆ ಬಣ್ಣ ಕೊಡುವ ಕುಟುಂಬದ್ದೇ ವಸ್ತು. ಊಟದಲ್ಲಿ ಹಳದಿ ಕಡಿಮೆಯಾದರೆ ಹಸಿರೂ ಕೆಡುತ್ತದೆ. ಪ್ರಯೋಗಾಲಯದಲ್ಲಿ ಕೃತಕ ಆಹಾರ ತಿಂದು ಬೆಳೆದ ತಂಬಾಕಿನ ಹುಳಗಳು ನೀಲಿಯಾಗಿಬಿಡುವುದು ಇದೇ ಕಾರಣಕ್ಕೆ. ಕಂದು, ಕೆಂಪು, ಕಪ್ಪುಗಳ ಕಥೆ ಬೇರೆ. ಅವನ್ನು ಹುಳ ತನ್ನ ಚರ್ಮದಲ್ಲಿ ತಾನೇ ಕೂಡಿಸಿಕೊಳ್ಳುತ್ತದೆ.

ಊಟದಿಂದ ವೇಷ ಬದಲಾಗುವುದಕ್ಕೆ ಜಗತ್ತಿನಲ್ಲೇ ಹೆಸರಾದ ಉದಾಹರಣೆ ಅಮೆರಿಕದ ಅರಿಜೋನಾ ಕಡೆಯ ಒಂದು ಪತಂಗ. ಎರಿಕ್ ಗ್ರೀನ್ ಎಂಬ ವಿಜ್ಞಾನಿ 1989ರಲ್ಲಿ ಅದರ ವಿವರ ಪ್ರಕಟಿಸಿದರು. ವಸಂತದಲ್ಲಿ ಓಕ್ ಮರದ ಹೂಗೊಂಚಲು ತಿಂದು ಬೆಳೆದ ಮರಿಗಳು ಹೂಗೊಂಚಲಿನಂತೆಯೇ ಹಳದಿ ಬಣ್ಣ ತಳೆಯುತ್ತವೆ, ಬೇಸಿಗೆಯಲ್ಲಿ ಎಲೆ ತಿಂದವು ಕಡ್ಡಿಯಂತೆ ಬೂದಾಗುತ್ತವೆ. ತಾಯಿ ಒಂದೇ, ಆಹಾರ ಬೇರೆ. ನಮ್ಮ ಕಾಯಿಕೊರಕ ಅಷ್ಟು ಶಿಸ್ತಿನದಲ್ಲ. ಗಿಡದ ಯಾವ ಭಾಗ ತಿಂದಿತು ಎಂಬುದು ಅದರ ಬಣ್ಣದ ಮೇಲೆ ಪರಿಣಾಮ ಬೀರುತ್ತದೆಂದು ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಆದರೆ ಒಂದೇ ತೊಗರಿ ಗಿಡದ ಒಂದೇ ಟೊಂಗೆಯಲ್ಲಿ ಹಸಿರೂ ಕಂದೂ ಅಕ್ಕಪಕ್ಕ ಸಿಗುವುದನ್ನು ನೋಡಿದರೆ ಊಟವೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು ಎನಿಸುತ್ತದೆ. ಹುಟ್ಟುಗುಣದ ಪಾಲೂ ಇದೆ. ಇದೇ ಬಳಗದ ಹಲವು ಹುಳಗಳು ಕಿಕ್ಕಿರಿದು ಬೆಳೆದಾಗ ಕಪ್ಪಾಗುವುದೂ ಉಂಟು. ಇಷ್ಟಕ್ಕೂ ತೊಗರಿ ಗಿಡವೇ ಒಂದು ಬಣ್ಣದ್ದಲ್ಲ. ಎಲೆ ಹಸಿರು, ಹೂವು ಹಳದಿ, ಹೂವಿನ ಬೆನ್ನಿಗೆ ಕೆಂಪು ಗೀರು, ಎಳೆ ಕಾಯಿಯ ಮೇಲೆ ಕಂದುಗೆಂಪಿನ ಪಟ್ಟೆ, ಬಲಿತ ಮೇಲೆ ಎಲ್ಲವೂ ಕಂದು. ಇಂಥ ಗಿಡದ ಮೇಲೆ ಎಲ್ಲರೂ ಒಂದೇ ಬಣ್ಣದವರಾದರೆ ಕಾಜಾಣಕ್ಕೂ ಗೊರವಂಕಕ್ಕೂ ಹುಡುಕುವ ಕೆಲಸ ಸಲೀಸು. ಹಲವು ಬಣ್ಣಗಳಿದ್ದರೆ ಹಕ್ಕಿಯ ಕಣ್ಣೂ ನಮ್ಮ ಕಣ್ಣಿನಂತೆಯೇ ಮೋಸಹೋಗುತ್ತದೆ.

ಇಂಡಿಯ ಲಿಂಬೆ ಬೆಳೆಗಾರರಿಗೆ ಬಣ್ಣ ಬದಲಿಸುವ ಇನ್ನೊಂದು ಹುಳದ ಪರಿಚಯವಿದೆ. ಲಿಂಬೆ ಚಿಟ್ಟೆಯ ಮರಿ ಮೊದಲು ಹಕ್ಕಿಯ ಹಿಕ್ಕೆಯಂತೆ ಕಪ್ಪು-ಬಿಳುಪು, ಕೊನೆಯ ಹಂತದಲ್ಲಿ ಗಟ್ಟಿ ಹಸಿರು. ಆದರೆ ಅಲ್ಲಿ ಎಲ್ಲವೂ ವೇಳಾಪಟ್ಟಿಯಂತೆ. ವಯಸ್ಸು ಗೊತ್ತಾದರೆ ಬಣ್ಣ ಗೊತ್ತಾಯಿತು. ಎಳ್ಳಿನ ಹೊಲದಲ್ಲಿ ಸಿಗುವ ಹೆಬ್ಬೆರಳು ಗಾತ್ರದ, ಬಾಲಕ್ಕೆ ಕೊಂಡಿಯಿರುವ ಹುಳ ಇನ್ನೊಂದು ಬಗೆ. ಬೆನ್ನ ಮೇಲೆ ತಲೆಬುರುಡೆಯ ಚಿತ್ರ ಹೊತ್ತ ದೊಡ್ಡ ಪತಂಗದ ಮರಿ ಅದು. ಹಸಿರು, ಹಳದಿ, ಕಂದು ಎಂಬ ಮೂರು ಉಡುಪುಗಳಲ್ಲಿ ಯಾವುದಾದರೂ ಒಂದರಲ್ಲಿರುತ್ತದೆ. ಕಾಯಿಕೊರಕಕ್ಕೆ ವೇಳಾಪಟ್ಟಿಯೂ ಇಲ್ಲ, ಮೂರೇ ಎಂಬ ಮಿತಿಯೂ ಇಲ್ಲ.

ಈ ಸೀಮೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ಭೀಮೆಯ ಕಡೆಗೆ ಇಂಡಿ ಮತ್ತು ಸಿಂದಗಿ, ಕೃಷ್ಣೆ-ಡೋಣಿಗಳ ಕಡೆಗೆ ಬಾಗೇವಾಡಿ ಮತ್ತು ಮುದ್ದೇಬಿಹಾಳ. ಹಳೆಯ ಈ ನಾಲ್ಕು ತಾಲ್ಲೂಕುಗಳ ಹೊಟ್ಟೆಯಿಂದ ಈಚೆಗೆ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂದು ಹೊಸ ತಾಲ್ಲೂಕುಗಳು ಹುಟ್ಟಿವೆ. ಮಣ್ಣು ಮಾತ್ರ ಹಳೆಯದೇ. ಎರಿ ಮತ್ತು ಮಡ್ಡಿ. ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು, ಅದೂ ನಂಬಿಕೆಗೆ ಅರ್ಹವಲ್ಲದ್ದು. ಒಣಬೇಸಾಯದ ಸಂಶೋಧನೆಗೆಂದು ಬ್ರಿಟಿಷರ ಕಾಲದಲ್ಲಿ, 1930ರ ದಶಕದಲ್ಲೇ, ಸೊಲ್ಲಾಪುರ, ರಾಯಚೂರು, ಹಗರಿ, ರೋಹ್ತಕ್‌ಗಳ ಜತೆ ಬಿಜಾಪುರವನ್ನೂ ಆರಿಸಿದ್ದು ಈ ಕಾರಣಕ್ಕೆ. ಮುಂಗಾರಿಗೆ ಬಿತ್ತಿದ ತೊಗರಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹೂವು ಕಾಯಿಯಲ್ಲಿರುತ್ತದೆ. ಅದು ಮುಗಿಯುವಷ್ಟರಲ್ಲಿ ಹಿಂಗಾರಿ ಕಡಲೆ ಸಿದ್ಧ. ಜತೆಗೆ ಸೂರ್ಯಕಾಂತಿ, ಹತ್ತಿ, ಜೋಳದ ತೆನೆ, ನೀರಾವರಿ ಇದ್ದಲ್ಲಿ ಟೊಮೆಟೊ, ಮೆಣಸಿನಕಾಯಿ. ಭಾರತದಲ್ಲಿ ಈ ಕೀಟ 180ಕ್ಕೂ ಹೆಚ್ಚು ಬಗೆಯ ಗಿಡಗಳ ಮೇಲೆ ಸಿಕ್ಕಿದೆ. ಹಂಗಾಮು ಮುಗಿಯಿತೆಂದು ಉಪವಾಸ ಬೀಳುವ ಹುಳವಲ್ಲ ಇದು.

ಹತ್ತಿಯಲ್ಲಿ ಬಣ್ಣದ ಗೊಂದಲಕ್ಕೆ ಬೆಲೆ ಹೆಚ್ಚು. ಅಲ್ಲಿ ಗುಲಾಬಿ ಕಾಯಿಕೊರಕ ಎಂಬ ಬೇರೆಯೇ ಪತಂಗದ ಮರಿ ಇರುತ್ತದೆ. ನಮ್ಮ ಕಾಯಿಕೊರಕವೂ ಕೆಲವೊಮ್ಮೆ ಗುಲಾಬಿ ಬಣ್ಣ ತಾಳುವುದರಿಂದ ಒಂದನ್ನು ಇನ್ನೊಂದೆಂದು ಬಗೆಯುವವರಿದ್ದಾರೆ. ನಿಜವಾದ ಗುಲಾಬಿ ಕೊರಕ ಬೆಳೆದು ಮುಗಿದರೂ ಸೆಂಟಿಮೀಟರ್ ಒಂದಕ್ಕಿಂತ ತುಸು ಉದ್ದ, ಅಷ್ಟೆ. ಕಾಯಿಯೊಳಗೆ ಪೂರ್ತಿ ಮುಳುಗಿ ಬೀಜದಿಂದ ಬೀಜಕ್ಕೆ ಸಾಗುತ್ತದೆ. ಇದಾದರೋ ಅದರ ಮೂರು ಪಟ್ಟು ಉದ್ದ, ಅರ್ಧ ಮೈ ಹೊರಗೆ. 2002ರಲ್ಲಿ ದೇಶಕ್ಕೆ ಬಂದ ಬಿಟಿ ಹತ್ತಿ ಮುಖ್ಯವಾಗಿ ಕಾಯಿಕೊರಕಗಳನ್ನು ಗುರಿಯಾಗಿಸಿಕೊಂಡಿತ್ತು. ಮುಂದೆ ಅದಕ್ಕೆ ಒಗ್ಗಿಕೊಂಡು ತೊಂದರೆ ಕೊಟ್ಟದ್ದು ಗುಲಾಬಿ ಕೊರಕ. ಎರಡನ್ನೂ ಬೆರೆಸಿ ಮಾತಾಡಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ತೊಗರಿಯಲ್ಲೂ ಬೇರೆ ಹುಳಗಳು ಇಲ್ಲವೆಂದಲ್ಲ. ಮೈಮೇಲೆ ಕುಚ್ಚಿನಂಥ ಕೂದಲಿರುವ, ಬರೀ 12 ಮಿಲಿಮೀಟರಿನಷ್ಟು ಉದ್ದದ ಗರಿಪತಂಗದ ಮರಿ ಒಂದು. ಹೂವು-ಎಲೆಗಳನ್ನು ಜಾಳಿಗೆ ನೇಯ್ದು ಒಳಗೆ ಕೂರುವ, ಮೈಗೆ ಕಪ್ಪು ಚುಕ್ಕೆಯಿರುವ ಮರುಕಾ ಇನ್ನೊಂದು. ಹೊರಗೆ ಏನೂ ಕಾಣಿಸದೆ ಕಾಯೊಡೆದಾಗ ಒಳಗೆ ಸಿಗುವ ಬಿಳಿ ಹುಳ ಕಾಯಿನೊಣದ್ದು. ಇವು ನಿಜಕ್ಕೂ ಬೇರೆ. ಆದರೆ ಇವನ್ನು ಬೇರೆಯೆಂದು ತೋರಿಸಿಕೊಡುವುದೂ ಬಣ್ಣವಲ್ಲ, ನಡವಳಿಕೆ.

ಇನ್ನು ಪತಂಗದ ಮಾತು. ನೋಡಲು ಬಹಳ ಸಾಧಾರಣ. ರೆಕ್ಕೆ ಬಿಚ್ಚಿದರೆ 35ರಿಂದ 40 ಮಿಲಿಮೀಟರ್ ಅಗಲ, ಮೈ ದಪ್ಪ. ಮುಂದಿನ ರೆಕ್ಕೆಯ ನಡುವೆ ಮೂತ್ರಪಿಂಡದ ಆಕಾರದ ಒಂದು ಗಾಢ ಮಚ್ಚೆ, ಅದರಾಚೆಗೆ ಅಡ್ಡಲಾಗಿ ಹರಡಿದ ಮಸುಕು ಪಟ್ಟಿ, ಅಂಚಿಗೆ ಸಾಲಾಗಿ ಏಳೆಂಟು ಕಪ್ಪು ಚುಕ್ಕಿ. ಹಿಂದಿನ ರೆಕ್ಕೆ ಒಣಹುಲ್ಲಿನಂತೆ ತಿಳಿ, ಅಂಚಿಗೆ ಅಗಲವಾದ ಕಂದು-ಕಪ್ಪು ಕರೆ, ಆ ಕರೆಯ ನಡುವೆ ಮತ್ತೆ ಸಣ್ಣ ತಿಳಿ ತೇಪೆ. ಜೀವಂತ ಪತಂಗದ ಕಣ್ಣಿಗೆ ಹಸಿರು ಛಾಯೆ ಇರುತ್ತದೆ. ಸಾಮಾನ್ಯವಾಗಿ ಗಂಡು ಹಸಿರು ಬೆರೆತ ಬೂದು, ಹೆಣ್ಣು ಕಿತ್ತಳೆ ಬೆರೆತ ಕಂದು. ‘ಸಾಮಾನ್ಯವಾಗಿ’ ಎಂದದ್ದು ಸುಮ್ಮನಲ್ಲ. ಕೆಲವದರ ಮಚ್ಚೆ ಎದ್ದು ಕಾಣುತ್ತದೆ, ಕೆಲವದರದು ಹುಡುಕಿದರೂ ಸಿಗದು. ರೆಕ್ಕೆಯ ಬಣ್ಣವೆಲ್ಲ ಧೂಳಿನಂಥ ಹುರುಪೆಗಳಲ್ಲಿರುವುದರಿಂದ ನಾಲ್ಕು ರಾತ್ರಿ ಹಾರಿ ಸವೆದ ಪತಂಗ ಹೊಸದರ ಪಕ್ಕದಲ್ಲಿ ಬೇರೆ ಜಾತಿಯಂತೆ ಮಾಸಿರುತ್ತದೆ.

ಹೊಲದಲ್ಲಿ ಕಟ್ಟಿದ ಮೋಹಕ ಬಲೆ, ಅಂದರೆ ‘ಹೆಲಿಲ್ಯೂರ್’ ಹಾಕಿದ ಹಳದಿ ಡಬ್ಬಿಯ ಉದ್ದನೆ ಚೀಲ, ಈಗ ಎಲ್ಲರಿಗೂ ಗೊತ್ತು. ಅದರೊಳಗಿನ ರಬ್ಬರ್ ಬಿಲ್ಲೆಯಲ್ಲಿರುವುದು ಹೆಣ್ಣು ಪತಂಗದ ವಾಸನೆಯ ನಕಲು. ಸೋತು ಬರುವವು ಗಂಡುಗಳು ಮಾತ್ರ. ಹೀಗಾಗಿ ಬಲೆ ನೋಡಿ ಪತಂಗದ ಪರಿಚಯ ಮಾಡಿಕೊಂಡವರ ಮನಸ್ಸಿನಲ್ಲಿ ಅದರ ಬಣ್ಣ ಹಸಿರುಬೂದು. ಮೊಟ್ಟೆಯಿಡುವ ಕಿತ್ತಳೆ-ಕಂದು ಹೆಣ್ಣು ಕಣ್ಣೆದುರೇ ಹಾರಿದರೂ ‘ಇದ್ಯಾವುದೋ ದೀಪದ ಹುಳ’ ಎಂದು ಬಿಟ್ಟುಬಿಡುತ್ತಾರೆ. ಎರಡನ್ನೂ ಒಟ್ಟಿಗೆ ನೋಡಬೇಕೆಂದರೆ ಬೆಳಕಿನ ಬಲೆ ಬೇಕು, ಅದೂ ಅಮಾವಾಸ್ಯೆಯ ಆಸುಪಾಸು. ಬೆಳದಿಂಗಳಲ್ಲಿ ದೀಪಕ್ಕೆ ಬರುವ ಪತಂಗ ಕಡಿಮೆ. ಹುಣ್ಣಿಮೆಯ ರಾತ್ರಿ ಬಲೆ ಖಾಲಿ ಇದ್ದರೆ ಹೊಲವೂ ಖಾಲಿ ಎಂದು ತಿಳಿಯುವ ಹಾಗಿಲ್ಲ.

ಬಣ್ಣ ನಂಬಿ ಮೋಸಹೋಗುವುದರಲ್ಲಿ ವಿಜ್ಞಾನಿಗಳೂ ಹಿಂದೆ ಬಿದ್ದವರಲ್ಲ. ಬ್ರಿಟಿಷ್ ಭಾರತದ ಪತಂಗಗಳನ್ನೆಲ್ಲ ಹ್ಯಾಂಪ್ಸನ್ ಎಂಬಾತ 1892ರಿಂದ 1896ರ ನಡುವೆ ನಾಲ್ಕು ಸಂಪುಟಗಳಲ್ಲಿ ವಿಂಗಡಿಸಿಟ್ಟಾಗ ಈ ಹುಳ ಇದ್ದದ್ದು ಹೆಲಿಯೋಥಿಸ್ ಎಂಬ ಕುಲದಲ್ಲಿ. ನಮ್ಮ ಕಡೆ ಹಳೆಯ ಕೃಷಿ ಅಧಿಕಾರಿಗಳ ಬಾಯಲ್ಲಿ ಈಗಲೂ ‘ಹೆಲಿಯೋಥಿಸ್’ ಎಂದೇ ಬರುತ್ತದೆ. ಜಗತ್ತಿನ ನಾನಾ ಕಡೆಯ ಮೆಕ್ಕೆಜೋಳದ, ಹತ್ತಿಯ, ತಂಬಾಕಿನ ಕೊರಕಗಳೆಲ್ಲ ರೆಕ್ಕೆಯಲ್ಲಿ ಒಂದೇ ಥರ ಕಂಡು ದೀರ್ಘಕಾಲ ಒಂದೇ ಹೆಸರಿನಲ್ಲಿ ಕಲಸಿಹೋಗಿದ್ದವು. ಕೆನಡಾದ ಹಾರ್ಡ್‌ವಿಕ್ 1965ರಲ್ಲಿ ರೆಕ್ಕೆಯ ಬಣ್ಣವನ್ನು ಬದಿಗಿಟ್ಟು, ಜನನಾಂಗಗಳ ರಚನೆ ನೋಡಿ ಇವನ್ನು ಬೇರ್ಪಡಿಸಿ ಹೆಲಿಕೋವರ್ಪಾ ಎಂಬ ಕುಲ ಕಟ್ಟಿದರು. ಅಷ್ಟಾದರೂ 2013ರಲ್ಲಿ ಬ್ರೆಜಿಲ್‌ನಲ್ಲಿ ಈ ಕೀಟ ದೃಢಪಡುವ ಹೊತ್ತಿಗೆ ಅಲ್ಲಿನ ಸೋಯಾ, ಹತ್ತಿ ಹೊಲಗಳಲ್ಲಿ ಅದು ಬೀಡುಬಿಟ್ಟಾಗಿತ್ತು. ಅಮೆರಿಕ ಖಂಡದ ತನ್ನ ಸೋದರ ಜಾತಿಯ ಪಕ್ಕದಲ್ಲಿ ಕೂತರೆ ಬರಿಗಣ್ಣಿಗೆ ವ್ಯತ್ಯಾಸವೇ ತಿಳಿಯದು. ಕುಸುಬೆ ಬೆಳೆಯುವ ನಮ್ಮ ಹೊಲಗಳಲ್ಲೂ ಇದರ ಒಬ್ಬ ಹತ್ತಿರದ ನೆಂಟನಿದ್ದಾನೆ, ಹೆಲಿಯೋಥಿಸ್ ಪೆಲ್ಟಿಜೆರಾ. ಬೆಳಕಿನ ಬಲೆಯಲ್ಲಿ ಇಬ್ಬರೂ ಒಟ್ಟಿಗೆ ಬಿದ್ದರೆ ಪಳಗಿದ ಕಣ್ಣು ಬೇಕು.

ಮೆಕ್ಕೆಜೋಳದ ರೈತರಿಗೆ ಈಗ ಮತ್ತೊಂದು ಹೊಸ ಮುಖ ಗೊತ್ತಾಗಿದೆ. 2018ರಲ್ಲಿ ಶಿವಮೊಗ್ಗ ಭಾಗದಲ್ಲಿ ದೇಶದಲ್ಲೇ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳು. ಅದರ ಕೀಡೆಯೂ ಹಸಿರು, ಕಂದು, ಕಪ್ಪು ಎಲ್ಲದರಲ್ಲೂ ಸಿಗುತ್ತದೆ. ಆದರೆ ಹಣೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರ, ಬಾಲದ ಹತ್ತಿರ ಚೌಕಾಕಾರದ ನಾಲ್ಕು ಚುಕ್ಕಿ. ಈ ಎರಡು ಗುರುತನ್ನು ಇಲಾಖೆಯವರು ಎಷ್ಟು ಚೆನ್ನಾಗಿ ಹಬ್ಬಿಸಿದರೆಂದರೆ ವರ್ಷದೊಳಗೆ ಶಾಲೆಯ ಮಕ್ಕಳೂ ಹೇಳುವಂತಾಯಿತು. ದಶಕಗಳಿಂದ ತೊಗರಿ ತಿನ್ನುತ್ತಿರುವ ಕೀಡೆಗೆ ಅಂಥ ಪ್ರಚಾರ ಯಾಕೆ ಸಿಗಲಿಲ್ಲವೋ. ಹಳೆಯ ಶತ್ರುವಿನ ಬಗ್ಗೆ ಎಲ್ಲರಿಗೂ ಎಲ್ಲವೂ ಗೊತ್ತಿದೆ ಎಂಬ ಭಾವನೆಯೇ ಕಾರಣವಿರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಬಣ್ಣ ನೋಡಲೇಬಾರದೇ? ನೋಡಬೇಕು. ಆದರೆ ಬದುಕಿದ ಕೀಡೆಯದಲ್ಲ, ಸಾಯುತ್ತಿರುವ ಕೀಡೆಯದು. ನನ್ನ ಲೆಕ್ಕದಲ್ಲಿ ತೊಗರಿ ಹೊಲದಲ್ಲಿ ಓದಲೇಬೇಕಾದ ಬಣ್ಣಗಳು ಅವೇ.

ಗಿಡದ ತುದಿಯಲ್ಲಿ ಕೀಡೆಯೊಂದು ತಲೆಕೆಳಗಾಗಿ ಜೋತುಬಿದ್ದಿದೆ, ಮೈ ಮೊದಲು ಮಾಸಲು ಬಿಳಿ-ಗುಲಾಬಿಗೆ ತಿರುಗಿ ಆಮೇಲೆ ಕಪ್ಪಾಗಿದೆ, ಮುಟ್ಟಿದರೆ ಚರ್ಮ ಒಡೆದು ದುರ್ನಾತದ ರಸ ಸೋರುತ್ತದೆ ಎಂದಿಟ್ಟುಕೊಳ್ಳಿ. ಇದು ‘ಕರಿ ಕೀಡಿ’ ಅಲ್ಲ. ಎನ್‌ಪಿವಿ ಎಂಬ ನಂಜಾಣು ತಗುಲಿ ಸತ್ತ ಹಸಿರೋ ಕಂದೋ ಕೀಡೆ. ನಂಜಾಣು ತಗುಲಿದ ಕೀಡೆ ಸಾಯುವ ಮುಂಚೆ ಗಿಡದ ತುದಿಗೆ ಹತ್ತುತ್ತದೆ. ಅಲ್ಲಿ ಸತ್ತು ಕರಗಿದಾಗ ರಸ ಕೆಳಗಿನ ಎಲೆ-ಕಾಯಿಗಳ ಮೇಲೆ ಹನಿದು, ಅದನ್ನು ತಿಂದ ಉಳಿದವುಗಳಿಗೂ ರೋಗ ಹಬ್ಬುತ್ತದೆ. ಇಂಥ ಹೊಲಕ್ಕೆ ‘ಕರಿ ಕೀಡಿಗೆ’ ಎಂದು ಮತ್ತೊಂದು ಎಣ್ಣೆ ತರುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಪುಕ್ಕಟೆ ಸಿಕ್ಕ ಸಹಾಯಕ್ಕೆ ದುಡ್ಡು ಕೊಟ್ಟು ಔಷಧ ಹೊಡೆದಂತಾಯಿತು. ಇದೇ ನಂಜಾಣುವಿನ ದ್ರಾವಣವನ್ನು ಹೆಕ್ಟೇರಿಗೆ 250 ಎಲ್‌ಇ (ರೋಗ ತಗುಲಿದ ಕೀಡೆಗಳ ಲೆಕ್ಕದ ಅಳತೆ) ಪ್ರಮಾಣದಲ್ಲಿ ಬೆಲ್ಲ ಬೆರೆಸಿ ಸಿಂಪಡಿಸುವುದುಂಟು. ಸಂಜೆಯೇ ಸಿಂಪಡಿಸಬೇಕು, ಬಿಸಿಲಿನ ಅತಿನೇರಳೆ ಕಿರಣಕ್ಕೆ ನಂಜಾಣು ಸಾಯುತ್ತದೆ. ಕೀಡೆ ಚಿಕ್ಕದಿದ್ದಾಗ ಕೊಟ್ಟರೆ ಕೆಲಸ ಮಾಡುತ್ತದೆ, ಬೆರಳುದ್ದ ಬೆಳೆದ ಮೇಲೆ ಕೊಟ್ಟು ‘ಏನೂ ಆಗಲಿಲ್ಲ’ ಎಂದರೆ ತಪ್ಪು ನಂಜಾಣುವಿನದಲ್ಲ.

ಇನ್ನೊಂದು ಸಾವು ಬಿಳಿ. ಕೀಡೆ ಗಿಡಕ್ಕೆ ಕಚ್ಚಿಕೊಂಡಂತೆಯೇ ಗಟ್ಟಿಯಾಗಿ, ಮೈತುಂಬ ಹಿಟ್ಟು ಬಳಿದಂತೆ ಬೆಳ್ಳಗಾಗಿ, ಕೆಲ ದಿನಗಳಲ್ಲಿ ಆ ಹಿಟ್ಟು ತಿಳಿಹಸಿರಿಗೆ ತಿರುಗುತ್ತದೆ. ಇದು ನೊಮುರಿಯಾ ಎಂಬ ಶಿಲೀಂಧ್ರದ ಕೆಲಸ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇದರ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಆ ಹಸಿರು ಪುಡಿಯೆಲ್ಲ ಬೀಜಕಣಗಳು, ಗಾಳಿಗೆ ಹಾರಿ ಮುಂದಿನ ಕೀಡೆಯನ್ನು ಹುಡುಕುತ್ತವೆ. ಆದರೆ ಇದಕ್ಕೆ ಗಾಳಿಯಲ್ಲಿ ಪಸೆ ಬೇಕು. ಮೋಡ ಮುಸುಕಿ ಜಿಟಿಜಿಟಿ ಹಿಡಿದ ವಾರಗಳಲ್ಲಿ ಕಾಣುತ್ತದೆ, ಒಣ ಚಳಿಗಾಳಿ ಬೀಸತೊಡಗಿದರೆ ಮಾಯ. ಮೋಡ ಕವಿದರೆ ಕೀಡೆ ಬೀಳುತ್ತದೆ ಎಂದು ಈ ಭಾಗದ ರೈತರು ಹೇಳುವುದು ಸುಳ್ಳಲ್ಲ. ಕೀಡೆಯನ್ನು ಕೊಲ್ಲುವುದೂ ಅದೇ ಮೋಡವೇ.

ಮೂರನೆಯದು ಸೂಕ್ಷ್ಮ. ಸೊರಗಿ ಸುಕ್ಕಾದ ಸಣ್ಣ ಕೀಡೆಯ ಚರ್ಮದ ಪಕ್ಕದಲ್ಲಿ ಅಕ್ಕಿನುಚ್ಚಿನಷ್ಟು ಗಾತ್ರದ ಬಿಳಿ ಗೂಡೊಂದು ಅಂಟಿರುತ್ತದೆ. ಕಂಪೊಲೆಟಿಸ್ ಎಂಬ ಕಣಜ ಕೀಡೆಯೊಳಗೆ ಮೊಟ್ಟೆಯಿಟ್ಟು, ಅದರ ಮರಿ ಕೀಡೆಯನ್ನು ಒಳಗಿನಿಂದ ತಿಂದು ಹೊರಬಂದು ಕಟ್ಟಿಕೊಂಡ ಗೂಡು. ಕೀಡೆ ಕಾಯಿಗೆ ತಲೆ ಹಾಕುವ ಮುಂಚೆಯೇ ಅದರ ಕಥೆ ಮುಗಿದಿರುತ್ತದೆ. ಈ ಬಿಳಿ ಗೂಡುಗಳು ಹೊಲದಲ್ಲಿ ಎದ್ದು ಕಾಣುತ್ತಿದ್ದರೆ ಒಂದು ವಾರ ಕೈಕಟ್ಟಿ ಕೂರುವುದೂ ಬೇಸಾಯವೇ.

ಹಾಗಾದರೆ ಅಂಗಡಿಗೆ ಹೋಗುವವರು ಏನು ಹೇಳಬೇಕು? ಬಣ್ಣ ಬಿಟ್ಟು ಗಾತ್ರ ಹೇಳಬೇಕು, ಗಿಡಕ್ಕೆಷ್ಟು ಎಂದು ಹೇಳಬೇಕು. ಸರಾಸರಿ ಗಿಡಕ್ಕೊಂದು ಕೀಡೆ ಅಥವಾ ಎರಡು ಮೊಟ್ಟೆ ಕಂಡರೆ ಕ್ರಮ ಕೈಗೊಳ್ಳಿ ಎಂಬುದು ಕೃಷಿ ವಿಜ್ಞಾನಿಗಳ ಹಳೆಯ ಮಾತು. ಸೆಂಟಿಮೀಟರ್ ಒಳಗಿನ ಮರಿಗೆ ಬೇವಿನ ಬೀಜದ ಶೇ 5ರ ಕಷಾಯವೂ ಸಾಕಾಗಬಹುದು. ಬೆಳೆದ ಕೀಡೆ ಅರ್ಧ ಮೈ ಕಾಯಿಯೊಳಗಿಟ್ಟು ಕೂತಿರುವಾಗ ದುಬಾರಿ ಔಷಧಕ್ಕೂ ಬಗ್ಗುವುದು ಕಷ್ಟ. ವಾರ ಬಿಟ್ಟು ವಾರ, ಬಣ್ಣ ನೋಡಿ ಬಾಟಲಿ ಬದಲಿಸುತ್ತ ಹೋದರೆ ಏನಾಗುತ್ತದೆಂಬುದಕ್ಕೆ ಪಾಠ ಪಕ್ಕದಲ್ಲೇ ಇದೆ. 1987ರಲ್ಲಿ ಆಂಧ್ರದ ಕರಾವಳಿ ಜಿಲ್ಲೆಗಳ ಹತ್ತಿಯಲ್ಲಿ ಪೈರೆಥ್ರಾಯ್ಡ್ ಔಷಧಗಳು ಈ ಹುಳದ ಮೇಲೆ ಕೈಕೊಟ್ಟವು. ಹೊಡೆದದ್ದೇ ಹೊಡೆದು ಹುಳ ಒಗ್ಗಿಹೋಗಿತ್ತು.

1997–98ರ ಹಂಗಾಮು ಈ ಕಡೆಯ ಹಿರಿಯರಿಗೆ ನೆನಪಿರುತ್ತದೆ. ಕಲಬುರಗಿ ಸೀಮೆಯ ತೊಗರಿಯನ್ನು ಕಾಯಿಕೊರಕ ಬೋಳಿಸಿದ ವರ್ಷ ಅದು. ಔಷಧ ಸೋತಾಗ ನೆನಪಾದದ್ದು ಅಜ್ಜಂದಿರ ಝಾಡಿಸುವ ಪದ್ಧತಿ. ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು ಅದನ್ನು ಅಳೆದು ನೋಡಿ ಬಹುಪಾಲು ಕೀಡೆಗಳು ಉದುರುತ್ತವೆಂದು ಒಪ್ಪಿದರು. ಉದುರಿದ ಕೀಡೆ ಕೋಳಿಗೆ ಮೇವಾಯಿತು, ಕೆಲ ಊರುಗಳಲ್ಲಿ ಎನ್‌ಪಿವಿ ದ್ರಾವಣ ತಯಾರಿಸಲು ಕಚ್ಚಾ ಸಾಮಗ್ರಿಯೂ ಆಯಿತು. ಕೂಲಿಯವರೇ ಸಿಗದ ಇಂದು ನೂರು ಎಕರೆ ತೊಗರಿ ಝಾಡಿಸಿ ಎನ್ನುವುದು ಸುಲಭದ ಮಾತಲ್ಲ, ನಿಜ. ಆದರೆ ಎರಡೆಕರೆಯವರು ಮನೆಮಂದಿಯೆಲ್ಲ ಕೂಡಿ ಮಾಡಬಹುದಾದ ಕೆಲಸ. ಇನ್ನೊಂದು ಲಾಭ, ಹಾಳೆಯ ಮೇಲೆ ಎಷ್ಟು ಚಿಕ್ಕವು, ಎಷ್ಟು ದೊಡ್ಡವು, ಎಷ್ಟು ರೋಗ ಹಿಡಿದವು ಎಂಬ ಲೆಕ್ಕ ಅಲ್ಲೇ ಸಿಗುತ್ತದೆ.

ಊಟ ಮುಗಿಸಿದ ಕೀಡೆ ಯಾವ ಬಣ್ಣದ್ದೇ ಆಗಿರಲಿ, ಗಿಡದಿಂದ ಇಳಿದು ಮಣ್ಣು ಸೇರುತ್ತದೆ. ನಾಲ್ಕೈದು ಬೆರಳು ಆಳದಲ್ಲಿ ಕೋಶವಾಗುತ್ತದೆ. ಹೊಸತರಲ್ಲಿ ಹಸಿರುಹಳದಿ, ಆಮೇಲೆ ಎಲ್ಲವೂ ಒಂದೇ ಕಂದು. ಬಣ್ಣಗಳ ಜಗಳ ಅಲ್ಲಿಗೆ ಮುಗಿಯುತ್ತದೆ. ಬೆಚ್ಚಗಿದ್ದರೆ ಮೊಟ್ಟೆಯಿಂದ ಪತಂಗದವರೆಗೆ ಸುಮಾರು ತಿಂಗಳು, ಚಳಿ ಬಿದ್ದರೆ ಇನ್ನೂ ಹೆಚ್ಚು. ತೊಗರಿ ಕೊಯ್ದ ಹೊಲವನ್ನು ಆಳವಾಗಿ ಉತ್ತರೆ ಕೋಶಗಳು ಮೇಲೆ ಬಿದ್ದು ಬಿಸಿಲಿಗೆ ಒಣಗುತ್ತವೆ, ಇಲ್ಲವೇ ನೇಗಿಲ ಹಿಂದೆ ಬರುವ ಬೆಳ್ಳಕ್ಕಿಗಳ ಪಾಲಾಗುತ್ತವೆ. ಎಣ್ಣೆಗಿಂತ ಅಗ್ಗದ ಈ ಕೆಲಸ ಟ್ರ್ಯಾಕ್ಟರ್ ಬಾಡಿಗೆಯ ನೆಪದಲ್ಲಿ ಎಷ್ಟೋ ಕಡೆ ನಿಂತುಹೋಗಿದೆ.

ಉತ್ತದೇ ಬಿಟ್ಟ ಹೊಲದಿಂದ ಎದ್ದ ಪತಂಗಕ್ಕೆ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಕಡಲೆ ಸಿದ್ಧವಿರುತ್ತದೆ. ಕಡಲೆಯ ಎಲೆಯ ಮೇಲೆ ಬೆಳಗಿನ ಇಬ್ಬನಿಯೊಂದಿಗೆ ಕೂಡಿಕೊಳ್ಳುವ ಹುಳಿಯನ್ನು ಈ ಭಾಗದಲ್ಲಿ ಬಿಳಿ ಅರಿವೆ ಹಾಸಿ ಹೀರಿಸಿ, ಹಿಂಡಿ, ಹೊಟ್ಟೆನೋವಿಗೆ ಮದ್ದೆಂದು ಇಟ್ಟುಕೊಳ್ಳುವ ಮನೆಗಳಿವೆ. ಆ ಹುಳಿಯಲ್ಲಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳಿವೆ, ಆಕ್ಸಾಲಿಕ್ ಆಮ್ಲ ಕಾಯಿಕೊರಕದ ಮರಿಯ ಬೆಳವಣಿಗೆಯನ್ನು ಕುಂಠಿಸುತ್ತದೆ. ಪೂರ್ತಿ ತಡೆಯುವುದಿಲ್ಲ. ತಡೆ ದಾಟಿದ ಒಂದು ಕೀಡೆ ಕಡಲೆಯಲ್ಲಿ 30ರಿಂದ 40 ಕಾಯಿ ಖಾಲಿ ಮಾಡಬಲ್ಲದು. ಹಾಗಾಗಿ ಕಡಲೆಗೆ ಲೆಕ್ಕ ಬೇರೆ: ಸಾಲಿನ ಮೀಟರ್ ಉದ್ದಕ್ಕೆ ಒಂದು ಕೀಡೆ ಕಂಡರೆ ತಡಮಾಡಬಾರದು. ಎಣಿಸುವಾಗ ಹಸಿರು, ಕಂದು, ಕೆಂಪು ಎಲ್ಲವನ್ನೂ ಒಂದೇ ಲೆಕ್ಕಕ್ಕೆ ಹಿಡಿಯಬೇಕು.